ಕಲ್ಲುಸಂದಿಯ ಮೀನು

ನಮ್ಮ ರೂಮಿನ ಟ್ಯಾಂಕಿನಲ್ಲಿರೋ ಜೀಬ್ರಾ ಲೋಚ್ ಮೀನು ನಮ್ಮ ನಾಡಿನದೇ. 1920ರಲ್ಲಿ ಸಿ. ಆರ್. ನಾರಾಯಣ ರಾವ್ ಇದನ್ನು ತುಂಗಾ ನದಿಯಿಂದ ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಹೊಳೆ ತಳದ ಕಲ್ಲುಸಂದಿಯೇ ಇದರ ಮನೆ. ಬೆಳಕು ಜಾಸ್ತಿ ಆದ್ರೆ ಒಳಗೆ. ಮಬ್ಬಾದ್ರೆ ಮೀಸೆಯಿಂದ ಮರಳು ತಡಕುತ್ತಾ ಹೊರಗೆ. ಒಂದೆರಡೇ ಇದ್ದರೆ ದಿನವಿಡೀ ಅಡಗಿರುತ್ತವೆ, ಐದಾರು ಇದ್ದರೆ ಧೈರ್ಯ ಬರುತ್ತೆ. ತಮಾಷೆ ಅಂದ್ರೆ, ಚೆನ್ನಾಗಿ ಕಾಣಲಿ ಅಂತ ಕಲ್ಲು ತೆಗೆದ್ರೆ ಇನ್ನೂ ಹೆದರುತ್ತವೆ. ಓಡಿ ಸೇರೋಕೆ ಜಾಗ ಇದ್ದರೇನೇ ಆರಾಮಾಗಿ ಓಡಾಡೋದು.

ಕ್ಲಾಸಲ್ಲಿ ಬಾಯಿ ಬಿಡದ ನಾವು ಹಾಸ್ಟೆಲ್ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಹರಟೋದೂ ಹೀಗೇ ಅಲ್ವಾ? ಹೊಸ ಜೂನಿಯರ್ ಸುಮ್ಮನೆ ಕೂತಿದ್ರೆ ಸ್ಟೇಜಿಗೆ ಎಳೆಯೋದು ಬೇಡ. ನಾಲ್ಕು ಜನ ಪಕ್ಕದಲ್ಲಿ ಕೂತು ಟೀ ಕುಡಿಯೋಣ.