ಮಗಳು ಎಂದು ಒತ್ತಿದರೆ

ಕೊಕ್ಕರೆ ಬೆಳ್ಳೂರಿನವರಿಗೆ ಹುಣಸೆಮರದ ಕೊಕ್ಕರೆ, ಹೆಜ್ಜಾರ್ಲೆಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ನನಗೂ ಅದು ತವರೇ. ಈ ಸಲ ಹೋದಾಗ ಅದನ್ನೇ ಬರೆಯೋಣವೆಂದು ಅಣ್ಣನ ಮಗನ ಲ್ಯಾಪ್‌ಟಾಪ್ ಎಳೆದುಕೊಂಡೆ. ಅದರಲ್ಲಿರುವುದು ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಲಿನಕ್ಸ್. 'ಮಗಳು' ಎಂದು ಒತ್ತಿದರೆ 'ಸುಥಹ' ಎಂದು ಮೂಡಬೇಕೆ!

ನನ್ನ ಬೆರಳು ಒಗ್ಗಿರುವುದು ಕೆ.ಪಿ. ರಾವ್ ಅವರ ಕೀಲಿಮಣೆಗೆ. ಇಂಗ್ಲಿಷಿನ ಎಂ ಇದ್ದಲ್ಲಿ ಮ. ಇವನದು ಇನ್‌ಸ್ಕ್ರಿಪ್ಟ್, ಅಲ್ಲಿ ಸ.

"ದೇಶಕ್ಕೆಲ್ಲ ಒಂದೇ ಇರಲಿ ಅಂತ ಮಾಡಿದ್ದು ಅತ್ತೆ. ಹಿಂದಿ, ತೆಲುಗಿಗೂ ಇದೇ ಜಾಗ. ಇದನ್ನೇ ಕಲೀರಿ."

"ಅಡುಗೆಮನೆ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಟ್ಟು ಸಾರು ಮಾಡು ಅಂದ ಹಾಗಾಯ್ತಲ್ಲೋ!"

ನಗುತ್ತ ಸೆಟ್ಟಿಂಗ್ಸ್ ತೆರೆದ. ಕನ್ನಡದ ಕೆಳಗೇ 'ಕಗಪ' ಇತ್ತು, ಕನ್ನಡ ಗಣಕ ಪರಿಷತ್ತಿನ ಹೆಸರಲ್ಲಿ ನನ್ನ ಹಳೆಯ ಕೀಲಿಮಣೆಯೇ. ಎರಡನ್ನೂ ಇಟ್ಟ. ಯಾವುದರಲ್ಲಿ ಒತ್ತಿದರೂ ಒಳಗೆ ಕೂರುವುದು ಯೂನಿಕೋಡಿನ ಅದೇ ಅಕ್ಷರ. ಅಲ್ಲಿ ಮಾತ್ರ ನಾನು ಹಟ ಮಾಡಲಾರೆ. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಬರೆದಿಟ್ಟ ಅಮ್ಮನ ಸೋಬಾನೆ ಪದಗಳು ಬೇರೆ ಕಂಪ್ಯೂಟರಿನಲ್ಲಿ ಬರೀ ಗೀಚಾಗಿ ಕಂಡದ್ದನ್ನು ಮರೆತಿಲ್ಲ.

ಮತ್ತೆ ಒತ್ತಿದೆ. 'ಮಗಳು' ಬಂದಳು.

ಸಂಜೆ ಕೀಲಿಮಣೆ ಬದಲಿಸದೆಯೇ ಹಿಂದಿರುಗಿಸಿದ್ದೆ. ನಡುಮನೆಯಿಂದ ಕೂಗು ಕೇಳಿತು: "ಅತ್ತೇ!"