ಗೋಡೆಗೆ ಬಣ್ಣ ಬಂತು, ಅಕ್ಕನ ಗೌರವಧನ ಬರಲಿಲ್ಲ

ಸರ್ಕಾರಿ ಶಾಲೆಗೆ ಏನಾದರೂ ಮಾಡೋಣ ಅಂತ ಹೊರಟವರಿಗೆ ಊರಲ್ಲಿ ಮೊದಲು ಸಿಗುವ ಸಲಹೆ ಒಂದೇ: "ಕಂಪನಿಯವರು ಸಿಎಸ್‌ಆರ್ ರೊಕ್ಕ ಕೊಡ್ತಾರ, ಹೋಗಿ ಕೇಳ್ರಿ." ಕೊಡುತ್ತಾರೆ, ಸುಳ್ಳಲ್ಲ. ಆದರೆ ಯಾರಿಗೆ ಕೊಡುತ್ತಾರೆ, ಯಾವುದಕ್ಕೆ ಕೊಡುತ್ತಾರೆ ಅನ್ನುವುದು ನಮಗೆ ತಿಳಿದದ್ದು ಒಂದು ವರ್ಷ ಓಡಾಡಿದ ಮೇಲೆ. ನಿಮ್ಮೂರಿನಲ್ಲೂ ಯಾರಾದರೂ ಹೊರಟಿದ್ದರೆ ಅಷ್ಟು ಬಸ್ ಚಾರ್ಜ್ ಉಳಿಯಲಿ ಅಂತ ಬರೆಯುತ್ತಿದ್ದೇವೆ.

ಗದಗ ಜಿಲ್ಲೆಯ ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 86 ಮಕ್ಕಳಿದ್ದಾರೆ. ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಅಲ್ಲೇ ಓದಿನ ಬಳಗ ನಡೆಯುತ್ತದೆ. ನಡೆಸುವವರು ಡಿ.ಇಡಿ ಮುಗಿಸಿ ಮನೆಯಲ್ಲಿದ್ದ ನಮ್ಮೂರ ಅಕ್ಕ. ಐದನೇ ತರಗತಿಗೆ ಬಂದರೂ ಒತ್ತಕ್ಷರ ಕಂಡ ಕೂಡಲೇ ನಿಂತುಬಿಡುತ್ತಿದ್ದ ಮಕ್ಕಳು ಈಗ ಕಥೆಪುಸ್ತಕ ಮನೆಗೆ ಒಯ್ಯುತ್ತಾರೆ, ತಿಂಗಳಿಗೊಂದು ಗೋಡೆಪತ್ರಿಕೆ ಬರೆದು ಹಚ್ಚುತ್ತಾರೆ. ಬೋರ್‌ವೆಲ್ ಕೆಟ್ಟು ನಾಲ್ಕು ದಿನವಾಯಿತು ಅಂತ ಅದರಲ್ಲಿ ಬಂದಾಗ ಪಂಚಾಯ್ತಿ ಮೆಂಬರ್ ಬಂದು ನಿಂತು ಓದಿ ಹೋದರು. ಪತ್ರಿಕೋದ್ಯಮ ಓದಿದ ನಮಗೆ ಅದಕ್ಕಿಂತ ಖುಷಿ ಬೇರೆ ಇರಲಿಲ್ಲ.

ಇದಕ್ಕೆ ವರ್ಷಕ್ಕೆ ಬೇಕಾದದ್ದು 58,000 ರೂಪಾಯಿ. ಪುಸ್ತಕಕ್ಕೆ 14,000, ಕಾಗದ ಬಣ್ಣಕ್ಕೆ 8,000, ಅಕ್ಕನಿಗೆ ತಿಂಗಳಿಗೆ 3,000ದಂತೆ 36,000. ಶಾಲೆಯ ಅನುದಾನದಲ್ಲೇ ಆಗುವುದಿಲ್ಲವೇ ಅಂತ ಕೇಳಬಹುದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷದ ಸಂಯುಕ್ತ ಅನುದಾನವೇ 25,000. ಅದರಲ್ಲಿ ಶೇಕಡಾ 10ರಷ್ಟು ಸ್ವಚ್ಛತೆಗೆ ಇಡಬೇಕು. ಉಳಿದದ್ದರಲ್ಲಿ ಚಾಕ್‌ಪೀಸ್, ರಿಜಿಸ್ಟರ್, ಸಣ್ಣಪುಟ್ಟ ರಿಪೇರಿ. ಹೆಡ್‌ಮಾಸ್ತರ್ರು ಪಾಸ್‌ಬುಕ್ ತೆಗೆದು ತೋರಿಸಿದ ಮೇಲೆ ನಾವು ಆ ಮಾತೆತ್ತಲಿಲ್ಲ.

ಹಾಗಾಗಿ ಕಂಪನಿಗಳ ಕಡೆ ಹೊರಟೆವು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲಿದೆ. ಇದು ಹಳ್ಳಿಯವರಿಗೆ ಮುಖ್ಯ. ಬೆಂಗಳೂರಿನ ದೊಡ್ಡ ಹೆಸರಿಗೆ ಇಮೇಲ್ ಹಾಕುತ್ತ ಕೂರುವ ಬದಲು ನಿಮ್ಮ ಹೊಲದ ಪಕ್ಕ ಯಾರ ಕಾರ್ಖಾನೆ ಇದೆ ನೋಡಿ. ನಮ್ಮ ಕಡೆ ಗುಡ್ಡದ ಮೇಲೆಲ್ಲ ಗಾಳಿ ಫ್ಯಾನುಗಳು. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಎಷ್ಟು ಖರ್ಚು ಮಾಡಿದೆ ಅನ್ನುವುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಮೊಬೈಲಿನಲ್ಲೇ ಸಿಗುತ್ತದೆ.

ಎರಡನೇ ಬಾಗಿಲು ಕಾಗದಪತ್ರದ್ದು. ಕಂಪನಿ ಈ ಹಣವನ್ನು ಒಂದು ಸಂಸ್ಥೆಯ ಮೂಲಕ ಖರ್ಚು ಮಾಡಬೇಕಾದರೆ ಆ ಟ್ರಸ್ಟ್ ಅಥವಾ ಸಂಘಕ್ಕೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಫಾರಂ ಕೂಡ ಬೇಕು. "ಒಂದು ಟ್ರಸ್ಟ್ ಮಾಡಿಬಿಡ್ರಿ" ಅಂತ ಬಹಳ ಮಂದಿ ಹೇಳಿದರು. ನಾವು ಮಾಡಲಿಲ್ಲ. ವರ್ಷಕ್ಕೆ 58,000ದ ಕೆಲಸಕ್ಕೆ ಟ್ರಸ್ಟ್ ಕಟ್ಟಿ, ಪ್ರತಿ ವರ್ಷ ಆಡಿಟ್ ಮಾಡಿಸಿ, ರಿಟರ್ನ್ ತುಂಬುತ್ತ ಹೋದರೆ ಮಕ್ಕಳಿಗೆ ಕಥೆ ಓದುವವರು ಯಾರು? ಕಂಪನಿ ತಾನೇ ನೇರವಾಗಿಯೂ ಖರ್ಚು ಮಾಡಬಹುದು. ಎಸ್‌ಡಿಎಂಸಿ ಠರಾವು, ಹೆಡ್‌ಮಾಸ್ತರ್ರ ಪತ್ರ, ಒಂದು ಪುಟದ ಲೆಕ್ಕ, ಮೂರು ಗೋಡೆಪತ್ರಿಕೆಯ ಫೋಟೋ ಹಿಡಿದು ಆ ದಾರಿಯಲ್ಲೇ ಕೇಳಿದೆವು. ಹೊಸ ಬಜೆಟ್ ಏಪ್ರಿಲ್‌ಗೆ ಶುರುವಾಗುವುದರಿಂದ ಅದಕ್ಕೂ ಮೊದಲೇ ಹೋಗಿದ್ದೆವು.

ಒಂದು ಕಂಪನಿಯ ಅಧಿಕಾರಿ ಶಾಲೆಗೇ ಬಂದರು. ಮಕ್ಕಳ ಪತ್ರಿಕೆ ಓದಿ ನಕ್ಕರು, ಚಹಾ ಕುಡಿದರು, ಆಮೇಲೆ ಕೇಳಿದರು: "ಗೋಡೆಗೆ ಬಣ್ಣ ಹೊಡೆಸಿ ಕೊಟ್ಟರೆ ಆಗುತ್ತಾ?"

"ಸರ್, ನಮಗೆ ಬೇಕಾಗಿರೋದು ಅಕ್ಕನ ಗೌರವಧನ."

"ಪುಸ್ತಕ ಕೊಡ್ತೀವಿ. ಗೌರವಧನ ಕಷ್ಟ. ಫೋಟೋದಲ್ಲಿ ಕಾಣೋದಿಲ್ಲ ನೋಡಿ."

ಅವರು ಕೆಟ್ಟವರಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಕೇಳಿದ ಇನ್ನೆರಡು ಕಡೆಯೂ ಅದೇ ಉತ್ತರ. ಓದಿಸುವವರಿಗೆ ದುಡ್ಡು ಕೊಡಬಾರದು ಅನ್ನುವ ಕಾನೂನನ್ನು ಯಾರೂ ನಮಗೆ ತೋರಿಸಲಿಲ್ಲ. ಬೋರ್ಡ್ ಹಚ್ಚಲು ಆಗದ್ದಕ್ಕೆ ಕೈ ಬರುವುದಿಲ್ಲ, ಅಷ್ಟೇ. ಪುಸ್ತಕದ ಬೀರು ಕೊಟ್ಟು, ಅದರ ಬೀಗ ತೆಗೆಯುವವರಿಗೆ ಏನೂ ಇಲ್ಲ ಅಂದರೆ ಆ ಪುಸ್ತಕಕ್ಕೆ ಧೂಳೇ ಗತಿ. ಇಂಥ ಬೀರುಗಳನ್ನು ನಾವು ಬಹಳ ಶಾಲೆಗಳಲ್ಲಿ ನೋಡಿದ್ದೇವೆ, ನೀವೂ ನೋಡಿರುತ್ತೀರಿ.

ಪುಸ್ತಕ ಬಂತು, ಬಣ್ಣವೂ ಬಂತು. ಬೇಡ ಅನ್ನಲಿಲ್ಲ. ಗೋಡೆಪತ್ರಿಕೆ ಹಚ್ಚುವ ಜಾಗದಲ್ಲಿ ಮಾತ್ರ ಲೋಗೋ ಬರೆಯಬೇಡಿ ಅಂತ ಕೇಳಿಕೊಂಡೆವು, ಒಪ್ಪಿದರು.

36,000 ಹಾಗೇ ಉಳಿಯಿತು. ಈ ಶಾಲೆಯಲ್ಲಿ ಓದಿ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರ ವಾಟ್ಸ್ಯಾಪ್ ಗ್ರೂಪ್ ಒಂದಿದೆ, ಬೆಳಿಗ್ಗೆ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅಲ್ಲಿ ಲೆಕ್ಕ ಹಾಕಿ, 30 ಮಂದಿ ತಿಂಗಳಿಗೆ 100 ರೂಪಾಯಿ ಕೊಡಿ ಅಂತ ಬರೆದೆವು. ಹಣ ನೇರ ಎಸ್‌ಡಿಎಂಸಿ ಖಾತೆಗೆ. ತೆಗೆಯಲು ಅಧ್ಯಕ್ಷರು, ಹೆಡ್‌ಮಾಸ್ತರ್ರು ಇಬ್ಬರ ಸಹಿಯೂ ಬೇಕು. ಪ್ರತಿ ತಿಂಗಳು ಪಾಸ್‌ಬುಕ್ ಪುಟದ ಫೋಟೋ ಗ್ರೂಪಿಗೆ ಬರುತ್ತದೆ. ಮೊದಲು ಹಾಕಿದವನು ಗೋವಾದಲ್ಲಿ ಗೌಂಡಿ ಕೆಲಸ ಮಾಡುವ ಹುಡುಗ. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ.

ಈ ತಿಂಗಳು 26 ಮಂದಿ ಹಾಕಿದ್ದಾರೆ. ಇನ್ನೂ 400 ರೂಪಾಯಿ ಬರಬೇಕು.