ಜಾರಿದ್ದು ಬೆಲ್ಟ್, ಸೋರಿದ್ದು ಸೀಲ್

ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಜೋರಾಗಿ ಕೂಗುತ್ತೆ, ಸ್ಕೂಟರ್ ಮಾತ್ರ ಏರು ಹತ್ತಲ್ಲ. ನಮ್ಮ ರೂಮ್‌ಮೇಟ್‌ನ ಅಮ್ಮ ದಿನಾ ಬೆಳಿಗ್ಗೆ ಹೂವು ಮಾರೋಕೆ ಹೋಗೋ ಗಾಡಿ ಅದು. ಗಾಡಿ ನಿಂತರೆ ಆ ದಿನದ ವ್ಯಾಪಾರವೂ ನಿಂತಂತೆ. ಆರು ತಿಂಗಳಲ್ಲಿ ಎರಡು ಬೆಲ್ಟ್ ಹಾಕಿಸಿದ್ದರು. ಎರಡೂ ಜಾರಿದವು.

ರಜೆಯಲ್ಲಿ ನಾವು ಮೂವರು ಸೇರಿ ಎಡಗಡೆ ಕವರ್ ಬಿಚ್ಚಿದೆವು. ಹಿಂದಿನ ಪುಲ್ಲಿಯ ಮುಖವೆಲ್ಲ ಗ್ರೀಸ್! ಆ ಪುಲ್ಲಿಯ ಒಂದು ಭಾಗ ಹಿಂದೆ ಮುಂದೆ ಸರಿಯೋಕೆ ಒಳಗೆ ಗ್ರೀಸ್ ಬೇಕೇ ಬೇಕು. ಅದು ಹೊರಗೆ ಬರದಂತೆ ತಡೆಯೋದು ಸೀಲ್ ಮತ್ತು ಓ-ರಿಂಗ್. ಅವು ಸವೆದರೆ, ತಿರುಗೋ ರಭಸಕ್ಕೆ ಗ್ರೀಸ್ ಸಿಡಿದು ಬೆಲ್ಟ್‌ಗೆ ತಾಗುತ್ತೆ. ಬೆಲ್ಟ್ ಕೆಲಸ ಮಾಡೋದೇ ಫ್ರಿಕ್ಷನ್‌ನಿಂದ. ಗ್ರೀಸ್ ಬಿದ್ದ ಮೇಲೆ ಹೊಸ ಬೆಲ್ಟ್ ತಾನೇ ಏನು ಮಾಡೀತು?

ದಪ್ಪ ಗ್ರೀಸ್ ಅಲ್ಲದೆ ತೆಳು ಎಣ್ಣೆ ಕಂಡರೆ ಕಥೆ ಬೇರೆ. ಮುಂದಿನ ಪುಲ್ಲಿ ಹತ್ತಿರವಾದರೆ ಕ್ರ್ಯಾಂಕ್‌ನ ಆಯಿಲ್ ಸೀಲ್, ಹಿಂದಾದರೆ ಗೇರ್‌ಬಾಕ್ಸ್ ಸೀಲ್ ನೋಡಬೇಕು.

ಸೀಲ್, ಓ-ರಿಂಗ್ ಬದಲಾಯಿಸಿ, ಪುಲ್ಲಿಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ಅಳತೆಯಷ್ಟೇ ಗ್ರೀಸ್ ತುಂಬಿ, ಆಮೇಲೆ ಹೊಸ ಬೆಲ್ಟ್ ಹಾಕಿದೆವು. ಗಾಡಿ ಏರು ಹತ್ತಿತು. ಈಗ ಅಮ್ಮ ಗ್ಯಾರೇಜ್‌ಗೆ ಹೋದರೆ ಮೊದಲ ಮಾತೇ, “ಸೀಲ್ ನೋಡಪ್ಪಾ, ಬೆಲ್ಟ್ ಆಮೇಲೆ.”